ಇಲ್ಯಾ ಮೆಚ್ನಿಕೋವ್

ಇಲ್ಯಾ ಇಲ್ಯಿಚ್ ಮೆಚ್ನಿಕೋವ್ (15 ಮೇ 1845 – 15 ಜುಲೈ 1916) ರಷ್ಯಾ ಸಾಮ್ರಾಜ್ಯದಲ್ಲಿ ಜನಿಸಿ, ಬಾಳಿನ ಕೊನೆಯ 28 ವರ್ಷಗಳನ್ನು ಫ್ರಾನ್ಸಿನಲ್ಲಿ ಕಳೆದ ಪ್ರಾಣಿಶಾಸ್ತ್ರಜ್ಞ ಹಾಗೂ ಸೂಕ್ಷ್ಮಜೀವಿ ವಿಜ್ಞಾನಿ. ಫ್ರಾನ್ಸಿನಲ್ಲಿ ಇವರು ಎಲಿ ಮೆಚ್ನಿಕಾಫ್ ಎಂಬ ಹೆಸರಿನಿಂದ ಪರಿಚಿತರು. ದೇಹವನ್ನು ಹೊಕ್ಕ ರೋಗಾಣುಗಳನ್ನು ಕೆಲವು ಜೀವಕೋಶಗಳು ನುಂಗಿ ಜೀರ್ಣಿಸಿಕೊಳ್ಳುತ್ತವೆ ಎಂಬ ಸಿದ್ಧಾಂತವನ್ನು ಪ್ರತಿಪಾದಿಸಿದ ಇವರಿಗೆ 1908ರಲ್ಲಿ ಜರ್ಮನಿಯ ಪೌಲ್ ಎರ್ಲಿಚ್ ಅವರೊಂದಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಮನುಷ್ಯನ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಆರೋಗ್ಯ ಮತ್ತು ಮುಪ್ಪಿನ ಮೇಲೆ ಪ್ರಭಾವ ಬೀರುತ್ತವೆ, ಆಹಾರದ ಮೂಲಕ ಅವುಗಳನ್ನು ಬದಲಿಸಬಹುದು ಎಂಬ ವಿಚಾರವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮುಂದಿಟ್ಟವರಲ್ಲಿ ಇವರು ಪ್ರಮುಖರು. ಈ ವಿಚಾರದ ಮೂಲ ತಿರುಳು ಇಂದು ಸ್ವೀಕೃತವಾಗಿದೆ. ಆದರೆ ಅದಕ್ಕೆ ಆಧಾರವಾಗಿ ಇವರು ನೀಡಿದ ಹಲವು ವಿವರಣೆಗಳು ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಬಾಲ್ಯ ಮತ್ತು ಶಿಕ್ಷಣ

ಮೆಚ್ನಿಕೋವ್ ಈಗಿನ ಉಕ್ರೇನ್ ದೇಶದ ಖಾರ್ಕಿವ್ ನಗರದ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದರು. ತಂದೆ ಇಲ್ಯಾ ಇವಾನೊವಿಚ್ ಚಕ್ರವರ್ತಿಯ ಅಂಗರಕ್ಷಕ ಪಡೆಯಲ್ಲಿ ಅಧಿಕಾರಿಯಾಗಿದ್ದರು. ತಾಯಿ ಎಮಿಲಿಯಾ ನೆವಾಖೊವಿಚ್ ಯಹೂದಿ ಮೂಲದ ಲೇಖಕ ಲೆವ್ ನೆವಾಖೊವಿಚ್ ಅವರ ಮಗಳು. ಅಣ್ಣಂದಿರಲ್ಲಿ ಲೆವ್ ಭೂಗೋಳಶಾಸ್ತ್ರಜ್ಞರಾಗಿ ಹೆಸರು ಗಳಿಸಿದರು. ಇನ್ನೊಬ್ಬ ಅಣ್ಣ ಇವಾನ್ ಅವರ ಅನಾರೋಗ್ಯ ಮತ್ತು ಸಾವು ಲಿಯೋ ಟಾಲ್‌ಸ್ಟಾಯ್ ಅವರ ‘ಇವಾನ್ ಇಲ್ಯಿಚ್‌ನ ಸಾವು’ ಎಂಬ ಪ್ರಸಿದ್ಧ ನೀಳ್ಗತೆಗೆ ಪ್ರೇರಣೆಯಾಯಿತು.

ಬಾಲ್ಯದಿಂದಲೇ ಗಿಡ, ಕೀಟಗಳ ವೀಕ್ಷಣೆಯಲ್ಲಿ ಆಸಕ್ತರಾಗಿದ್ದ ಮೆಚ್ನಿಕೋವ್ ಖಾರ್ಕಿವ್ ವಿಶ್ವವಿದ್ಯಾಲಯದಲ್ಲಿ ನಿಸರ್ಗ ವಿಜ್ಞಾನದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಪೂರೈಸಿ 1864ರಲ್ಲಿ ಪದವಿ ಪಡೆದರು. ಬಳಿಕ ಜರ್ಮನಿ ಮತ್ತು ಇಟಲಿಗೆ ತೆರಳಿ ಕಡಲ ಅಕಶೇರುಕಗಳ ಬೆಳವಣಿಗೆಯನ್ನು ಅಭ್ಯಸಿಸಿದರು. ನೇಪಲ್ಸಿನಲ್ಲಿ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಅವರ ಜೊತೆಗೂಡಿ ನಡೆಸಿದ ಭ್ರೂಣಶಾಸ್ತ್ರದ ಕೆಲಸ ಇಬ್ಬರಿಗೂ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಹೆಸರಿನ ಬಹುಮಾನವನ್ನು ತಂದುಕೊಟ್ಟಿತು. 1870ರಲ್ಲಿ ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದಾಗ ಇವರ ವಯಸ್ಸು 25.

ವೈಯಕ್ತಿಕ ಜೀವನ

1869ರಲ್ಲಿ ಮೆಚ್ನಿಕೋವ್ ಲ್ಯುದ್ಮಿಲಾ ಫ್ಯೊದೊರೊವಿಚ್ ಅವರನ್ನು ವಿವಾಹವಾದರು. ವಧು ಆ ವೇಳೆಗಾಗಲೇ ಕ್ಷಯರೋಗದಿಂದ ನಿತ್ರಾಣರಾಗಿದ್ದರಿಂದ ಅವರನ್ನು ಕುರ್ಚಿಯ ಮೇಲೆ ಕೂರಿಸಿ ಚರ್ಚಿಗೆ ಹೊತ್ತೊಯ್ಯಬೇಕಾಯಿತು. ಬೆಚ್ಚನೆಯ ಹವೆಯಿಂದ ಗುಣವಾಗಬಹುದೆಂಬ ಆಸೆಯಿಂದ ಪತ್ನಿಯನ್ನು ಮಡೀರಾ ದ್ವೀಪಕ್ಕೆ ಕರೆದೊಯ್ದರೂ ಫಲ ದೊರೆಯಲಿಲ್ಲ. ಲ್ಯುದ್ಮಿಲಾ 1873ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ಕಾಲದಲ್ಲಿ ಕಣ್ಣಿನ ದೋಷದಿಂದಾಗಿ ಸೂಕ್ಷ್ಮದರ್ಶಕದ ಕೆಲಸವೂ ಕಷ್ಟವಾಗಿತ್ತು. ಬದುಕಿನಲ್ಲಿ ಭರವಸೆ ಕಳೆದುಕೊಂಡ ಮೆಚ್ನಿಕೋವ್ ಜೀವ ತೆಗೆದುಕೊಳ್ಳಲು ಯತ್ನಿಸಿ ಬದುಕುಳಿದರು.

1875ರಲ್ಲಿ ಓಲ್ಗಾ ಬೆಲೊಕೊಪಿತೊವಾ ಅವರೊಂದಿಗೆ ಎರಡನೆಯ ವಿವಾಹವಾಯಿತು. ಕೆಲವು ವರ್ಷಗಳ ನಂತರ ಓಲ್ಗಾ ತೀವ್ರ ವಿಷಮಶೀತ ಜ್ವರಕ್ಕೆ ತುತ್ತಾದರು. ವಿಶ್ವವಿದ್ಯಾಲಯದ ರಾಜಕೀಯ ಒಳಜಗಳಗಳಿಂದ ಮೊದಲೇ ಬೇಸತ್ತಿದ್ದ ಮೆಚ್ನಿಕೋವ್ ಮತ್ತೊಮ್ಮೆ ಅದೇ ಹಾದಿ ಹಿಡಿದು, ತೀವ್ರ ಜ್ವರದಿಂದ ನರಳಿ ಚೇತರಿಸಿಕೊಂಡರು. ಓಲ್ಗಾ ಕೂಡ ಗುಣಮುಖರಾದರು. ಮುಂದೆ ಅವರು ಪತಿಯ ಸಂಶೋಧನೆಗೆ ನೆರವಾದರು, ಪತಿಯ ಮರಣಾನಂತರ ಅವರ ಜೀವನ ಚರಿತ್ರೆಯನ್ನೂ ಬರೆದರು. ಮನುಷ್ಯನು ಸಾವಿಗೆ ಅಂಜದೆ ದೀರ್ಘಕಾಲ ಆರೋಗ್ಯವಾಗಿ ಬಾಳುವುದು ಹೇಗೆ ಎಂಬ ಪ್ರಶ್ನೆ ಮೆಚ್ನಿಕೋವ್ ಅವರ ಉತ್ತರ ವಯಸ್ಸಿನ ಬರಹಗಳ ಕೇಂದ್ರವಾಯಿತು.

ಭಕ್ಷಕಕೋಶಗಳ ಆವಿಷ್ಕಾರ

1882ರಲ್ಲಿ ಮೆಚ್ನಿಕೋವ್ ಒಡೆಸ್ಸಾದ ಹುದ್ದೆಗೆ ರಾಜೀನಾಮೆಯಿತ್ತು ಕುಟುಂಬದೊಂದಿಗೆ ಸಿಸಿಲಿ ದ್ವೀಪದ ಮೆಸ್ಸೀನಾ ನಗರಕ್ಕೆ ತೆರಳಿದರು. ಅಲ್ಲಿ ಮನೆಯನ್ನೇ ಪ್ರಯೋಗಾಲಯವನ್ನಾಗಿ ಮಾಡಿಕೊಂಡು ನಕ್ಷತ್ರಮೀನಿನ ಪಾರದರ್ಶಕ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಈ ಮರಿಗಳ ದೇಹದೊಳಗೆ ಅತ್ತಿಂದಿತ್ತ ಚಲಿಸುವ ಕೋಶಗಳು ಆಹಾರದ ಕಣಗಳನ್ನು ನುಂಗುವುದನ್ನು ಕಂಡಿದ್ದ ಇವರಿಗೆ, ಅವೇ ಕೋಶಗಳು ಹೊರಗಿನಿಂದ ಬಂದ ಶತ್ರುವನ್ನೂ ಎದುರಿಸುತ್ತಿರಬಹುದೆಂಬ ಆಲೋಚನೆ ಹೊಳೆಯಿತು. ತೋಟದ ಗುಲಾಬಿ ಗಿಡದಿಂದ ಮುಳ್ಳುಗಳನ್ನು ತಂದು ಮರಿಗಳ ಮೈಗೆ ಚುಚ್ಚಿದರು. ಮರುದಿನ ಬೆಳಗ್ಗೆ ನೋಡಿದಾಗ ಪ್ರತಿ ಮುಳ್ಳಿನ ಸುತ್ತಲೂ ಚಲಿಸುವ ಕೋಶಗಳು ಮುತ್ತಿಕೊಂಡಿದ್ದವು.

ಗಾಯದ ಸುತ್ತ ಉಂಟಾಗುವ ಉರಿಯೂತವು ರಕ್ತನಾಳಗಳ ವಿಕಾರವೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ನಕ್ಷತ್ರಮೀನಿನ ಮರಿಗೆ ರಕ್ತನಾಳಗಳೇ ಇಲ್ಲ. ಆದ್ದರಿಂದ ಉರಿಯೂತದ ಮೂಲವು ರಕ್ಷಣೆಗೆ ಧಾವಿಸುವ ಕೋಶಗಳಲ್ಲಿದೆ ಎಂದು ಮೆಚ್ನಿಕೋವ್ ತರ್ಕಿಸಿದರು. ವಿಯೆನ್ನಾದ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಕ್ಲಾಸ್ ಅವರ ಸಲಹೆಯಂತೆ ಈ ಕೋಶಗಳಿಗೆ ಗ್ರೀಕ್ ಮೂಲದಿಂದ ಫ್ಯಾಗೊಸೈಟ್, ಅಂದರೆ ಭಕ್ಷಕಕೋಶ, ಎಂಬ ಹೆಸರು ಬಂದಿತು. 1884ರಲ್ಲಿ ಡ್ಯಾಫ್ನಿಯಾ ಎಂಬ ನೀರಿನ ಸಣ್ಣ ಜೀವಿಯ ಮೇಲೆ ನಡೆಸಿದ ಅಧ್ಯಯನ ಈ ವಾದಕ್ಕೆ ಬಲ ನೀಡಿತು. ಅದರ ದೇಹವನ್ನು ಹೊಕ್ಕ ಶಿಲೀಂಧ್ರದ ಬೀಜಕಣಗಳನ್ನು ಭಕ್ಷಕಕೋಶಗಳು ನಾಶಪಡಿಸಿದರೆ ಜೀವಿ ಉಳಿಯುತ್ತಿತ್ತು, ಕೋಶಗಳು ಸೋತರೆ ಸಾಯುತ್ತಿತ್ತು.

ಒಡೆಸ್ಸಾದಿಂದ ಪ್ಯಾರಿಸ್‌ಗೆ

1886ರಲ್ಲಿ ಒಡೆಸ್ಸಾದಲ್ಲಿ ಹುಚ್ಚುನಾಯಿ ಕಡಿತಕ್ಕೆ ಪ್ಯಾಸ್ಟರ್ ಲಸಿಕೆ ನೀಡುವ ಬ್ಯಾಕ್ಟೀರಿಯಾಶಾಸ್ತ್ರ ಕೇಂದ್ರವು ಆರಂಭವಾದಾಗ ಮೆಚ್ನಿಕೋವ್ ಅದರ ನಿರ್ದೇಶಕರಾದರು. ವೈದ್ಯ ಪದವಿಯಿಲ್ಲದವರು ಇಂಥ ಸಂಸ್ಥೆಯ ಮುಖ್ಯಸ್ಥರಾದುದಕ್ಕೆ ಸ್ಥಳೀಯ ವೈದ್ಯರಿಂದ ವಿರೋಧ ಬಂದಿತು. ಇವರು ಊರಿನಲ್ಲಿಲ್ಲದಾಗ ನೀಡಿದ ಅಂತ್ರಾಕ್ಸ್ ಲಸಿಕೆಯಿಂದ ಸಾವಿರಾರು ಕುರಿಗಳು ಸತ್ತವು. ಈ ಘಟನೆಯ ನಂತರ ಅಲ್ಲಿ ಮುಂದುವರಿಯುವುದು ಅಸಾಧ್ಯವಾಯಿತು. 1888ರಲ್ಲಿ ಲೂಯಿ ಪ್ಯಾಸ್ಟರ್ ಅವರು ಪ್ಯಾರಿಸ್‌ನ ತಮ್ಮ ಹೊಸ ಸಂಸ್ಥೆಯಲ್ಲಿ ಇವರಿಗೆ ಪ್ರಯೋಗಾಲಯವನ್ನು ಒದಗಿಸಿದರು. ಮೆಚ್ನಿಕೋವ್ ಕೊನೆಯವರೆಗೂ ಅಲ್ಲಿಯೇ ದುಡಿದು, 1904ರಲ್ಲಿ ಅದರ ಉಪನಿರ್ದೇಶಕರಾದರು.

ಒಡೆಸ್ಸಾದಲ್ಲಿ ಇವರ ಶಿಷ್ಯರಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಕೂಡ ಪ್ಯಾರಿಸ್‌ಗೆ ಬಂದು ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1893ರಲ್ಲಿ ಭಾರತಕ್ಕೆ ತೆರಳಿದರು. ಮುಂದೆ ಮುಂಬಯಿಯಲ್ಲಿ ಹಾಫ್‌ಕಿನ್ ತಯಾರಿಸಿದ ಪ್ಲೇಗ್ ಲಸಿಕೆಯನ್ನು 1898ರ ಪ್ಲೇಗಿನ ಕಾಲದಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಪ್ರದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನೀಡಲಾಯಿತು.

ರೋಗನಿರೋಧಕ ಶಕ್ತಿಯ ವಿವಾದ

ಮೆಚ್ನಿಕೋವ್ ಅವರ ಸಿದ್ಧಾಂತವನ್ನು ಜರ್ಮನಿಯ ಬಹುಪಾಲು ವಿಜ್ಞಾನಿಗಳು ಒಪ್ಪಲಿಲ್ಲ. 1890ರಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿಟಸಾಟೊ ಶಿಬಸಾಬುರೊ ಅವರು ರಕ್ತದ್ರವದಲ್ಲಿ ರೋಗಾಣುವಿನ ವಿಷವನ್ನು ತಟಸ್ಥಗೊಳಿಸುವ ಅಂಶವಿದೆಯೆಂದು ತೋರಿಸಿದರು. ರಕ್ಷಣೆಯು ದ್ರವದಲ್ಲಿದೆಯೋ ಕೋಶದಲ್ಲಿದೆಯೋ ಎಂಬ ವಾದವು ಹಲವು ವರ್ಷ ನಡೆಯಿತು. 1903ರಲ್ಲಿ ಲಂಡನ್ನಿನ ಆಲ್ಮ್‌ರೋತ್ ರೈಟ್ ಅವರು ರಕ್ತದ್ರವದ ಕೆಲವು ಅಂಶಗಳು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು, ಭಕ್ಷಕಕೋಶಗಳು ಅವುಗಳನ್ನು ಸುಲಭವಾಗಿ ನುಂಗುವಂತೆ ಮಾಡುತ್ತವೆಂದು ತೋರಿಸಿದಾಗ ಎರಡೂ ಪಕ್ಷಗಳು ಸತ್ಯದ ಒಂದೊಂದು ಭಾಗವನ್ನು ಹಿಡಿದಿದ್ದವೆಂಬುದು ಸ್ಪಷ್ಟವಾಯಿತು. 1908ರ ನೊಬೆಲ್ ಪ್ರಶಸ್ತಿಯು ಕೋಶಪಕ್ಷದ ಮೆಚ್ನಿಕೋವ್ ಮತ್ತು ದ್ರವಪಕ್ಷದ ಎರ್ಲಿಚ್ ಇಬ್ಬರಿಗೂ ಹಂಚಿಕೆಯಾಯಿತು.

ಕರುಳಿನ ಸೂಕ್ಷ್ಮಜೀವಿಗಳತ್ತ

ಮೆಚ್ನಿಕೋವ್ ಅವರ ಗಮನ ಕರುಳಿನತ್ತ ಹರಿಯಲು ಕಾಲರಾ ಒಂದು ಕಾರಣವಾಯಿತು. 1892ರಲ್ಲಿ ಫ್ರಾನ್ಸಿನಲ್ಲಿ ಕಾಲರಾ ಹಬ್ಬಿದಾಗ, ಅದರ ಬ್ಯಾಕ್ಟೀರಿಯಾ ನಿಜಕ್ಕೂ ರೋಗಕಾರಕವೇ ಎಂದು ಅರಿಯಲು ಇವರು ಸ್ವತಃ ಅದರ ಕೃಷಿಯನ್ನು ಕುಡಿದರು. ಏನೂ ಆಗಲಿಲ್ಲ. ಆದರೆ ಅದೇ ಪ್ರಯೋಗಕ್ಕೆ ಒಡ್ಡಿಕೊಂಡ ಸಹಾಯಕರೊಬ್ಬರು ತೀವ್ರವಾಗಿ ಅಸ್ವಸ್ಥರಾಗಿ ಸಾವಿನಂಚಿಗೆ ಹೋಗಿಬಂದರು. ಒಂದೇ ರೋಗಾಣು ಒಬ್ಬರನ್ನು ಕಾಡಿ ಇನ್ನೊಬ್ಬರನ್ನು ಬಿಡುವುದೇಕೆ ಎಂಬ ಪ್ರಶ್ನೆ ಎದ್ದಿತು. ಪ್ರಯೋಗಾಲಯದಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಇತರ ಸೂಕ್ಷ್ಮಜೀವಿಗಳೊಂದಿಗೆ ಬೆಳೆಸಿದಾಗ ಕೆಲವು ಅದರ ಬೆಳವಣಿಗೆಗೆ ನೆರವಾದರೆ ಕೆಲವು ತಡೆಯೊಡ್ಡಿದವು. ಹೀಗಾಗಿ ಕರುಳಿನಲ್ಲಿ ಮೊದಲೇ ನೆಲೆಸಿರುವ ಬ್ಯಾಕ್ಟೀರಿಯಾಗಳು ರೋಗದ ಗತಿಯನ್ನು ನಿರ್ಧರಿಸಬಲ್ಲವು ಎಂಬ ಅಭಿಪ್ರಾಯಕ್ಕೆ ಇವರು ಬಂದರು. ಇಂಥ ಪ್ರಯೋಗಗಳಿಗೆ ಇಂದಿನ ವೈದ್ಯಕೀಯ ನೀತಿಯಲ್ಲಿ ಅವಕಾಶವಿಲ್ಲ.

ಇದೇ ಸಂಸ್ಥೆಯ ಹೆನ್ರಿ ಟಿಸ್ಸಿಯೆ ಅವರು ಎದೆಹಾಲು ಕುಡಿಯುವ ಶಿಶುಗಳ ಕರುಳಿನಲ್ಲಿ ಕವಲೊಡೆದ ಆಕಾರದ ಒಂದು ಬ್ಯಾಕ್ಟೀರಿಯಾ ಹೇರಳವಾಗಿರುವುದನ್ನು ಗುರುತಿಸಿದ್ದರು. ಇವುಗಳನ್ನು ಈಗ ಬೈಫಿಡೊಬ್ಯಾಕ್ಟೀರಿಯಾ ಎಂದು ಕರೆಯಲಾಗುತ್ತದೆ. ಕರುಳಿನಲ್ಲಿ ಹಿತಕಾರಿ ಹಾಗೂ ಹಾನಿಕಾರಕ ಎಂಬ ಎರಡು ಬಗೆಯ ನಿವಾಸಿಗಳಿವೆ ಎಂಬ ಕಲ್ಪನೆಗೆ ಇದು ಪುಷ್ಟಿ ನೀಡಿತು. 1901ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ನೀಡಿದ ಉಪನ್ಯಾಸದಲ್ಲಿ ಮೆಚ್ನಿಕೋವ್ ಮಾನವ ದೇಹದ ಸೂಕ್ಷ್ಮಜೀವಿಗಳನ್ನೇ ವಿಷಯವಾಗಿ ಆರಿಸಿಕೊಂಡರು.

ಮುಪ್ಪಿನ ಸಿದ್ಧಾಂತ

ಮುಪ್ಪು ಸಹಜ ಸ್ಥಿತಿಯಲ್ಲ, ಅದು ದೀರ್ಘಕಾಲದ ವಿಷಪ್ರಾಶನದ ಫಲ ಎಂಬುದು ಮೆಚ್ನಿಕೋವ್ ಅವರ ವಾದವಾಗಿತ್ತು. ಅದರ ಸರಣಿ ಹೀಗಿತ್ತು: ದೊಡ್ಡ ಕರುಳಿನಲ್ಲಿ ಆಹಾರದ ಶೇಷವು ಬಹಳ ಹೊತ್ತು ನಿಲ್ಲುತ್ತದೆ. ಅಲ್ಲಿ ಕೊಳೆತವನ್ನುಂಟುಮಾಡುವ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಫೀನಾಲ್, ಇಂಡೋಲ್, ಅಮೋನಿಯಾ ಮೊದಲಾದ ವಸ್ತುಗಳನ್ನು ಉಂಟುಮಾಡುತ್ತವೆ. ಇವು ರಕ್ತವನ್ನು ಸೇರಿ ರಕ್ತನಾಳ, ಮೂತ್ರಪಿಂಡ, ಮಿದುಳುಗಳನ್ನು ನಿಧಾನವಾಗಿ ದುರ್ಬಲಗೊಳಿಸುತ್ತವೆ. ಹಾಗೆ ದುರ್ಬಲಗೊಂಡ ಅಂಗಗಳ ಕೋಶಗಳನ್ನು ದೇಹದ ಭಕ್ಷಕಕೋಶಗಳೇ ನುಂಗತೊಡಗುತ್ತವೆ. ಕೂದಲು ನರೆಯುವುದು ಕೂಡ ಬಣ್ಣದ ಕಣಗಳನ್ನು ಈ ಕೋಶಗಳು ಕಬಳಿಸುವುದರಿಂದಲೇ ಎಂದು ಇವರು ಭಾವಿಸಿದ್ದರು. ಹೀಗೆ ಮೆಸ್ಸೀನಾದಲ್ಲಿ ರಕ್ಷಕರಾಗಿ ಕಂಡಿದ್ದ ಕೋಶಗಳೇ ಈ ಸಿದ್ಧಾಂತದಲ್ಲಿ ಮುಪ್ಪಿನ ಸಾಧನಗಳಾದವು.

ಸಸ್ತನಿಗಳಿಗೆ ದೊಡ್ಡ ಕರುಳು ಏಕಿದೆ ಎಂಬುದಕ್ಕೂ ಇವರು ಉತ್ತರ ಹುಡುಕಿದರು. ಬೇಟೆಗಾರ ಪ್ರಾಣಿಗಳಿಂದ ಓಡಿ ತಪ್ಪಿಸಿಕೊಳ್ಳುವಾಗ ಮಲವಿಸರ್ಜನೆಗೆ ನಿಲ್ಲದಿರಲು ಅದು ಒದಗಿದ್ದು, ಮನುಷ್ಯನಿಗೆ ಈಗ ಅದರ ಪ್ರಯೋಜನವಿಲ್ಲ ಎಂದು ಊಹಿಸಿದರು. ದೊಡ್ಡ ಕರುಳು ಅಷ್ಟಾಗಿ ಬೆಳೆಯದ ಗಿಳಿಯಂಥ ಹಕ್ಕಿಗಳು ದೀರ್ಘಾಯುಗಳಾಗಿರುವುದನ್ನು ಸಾಕ್ಷಿಯಾಗಿ ನೀಡಿದರು. 1903ರಲ್ಲಿ ಪ್ರಕಟವಾದ ಮಾನವ ಸ್ವಭಾವದ ಕುರಿತ ಗ್ರಂಥದಲ್ಲಿ ಮುಪ್ಪಿನ ವೈಜ್ಞಾನಿಕ ಅಧ್ಯಯನಕ್ಕೆ ಜೆರೊಂಟಾಲಜಿ ಎಂಬ ಹೆಸರನ್ನು ಸೂಚಿಸಿದರು. ಈ ಹೆಸರು ಇಂದಿಗೂ ಬಳಕೆಯಲ್ಲಿದೆ.

ಹುಳಿ ಹಾಲು ಮತ್ತು ಜನಪ್ರಿಯತೆ

ಪರಿಹಾರವನ್ನು ಮೆಚ್ನಿಕೋವ್ ಅಡುಗೆಮನೆಯ ಅನುಭವದಲ್ಲಿ ಕಂಡುಕೊಂಡರು. ಹಾಲು ಹುಳಿತು ಹೆಪ್ಪುಗಟ್ಟಿದರೆ ಬೇಗ ಕೊಳೆಯುವುದಿಲ್ಲ, ಹುಳಿಯಲ್ಲಿ ನೆನೆಸಿಟ್ಟ ತರಕಾರಿಯೂ ಕೆಡುವುದಿಲ್ಲ. ಲ್ಯಾಕ್ಟಿಕ್ ಆಮ್ಲವು ಕೊಳೆಯುವಿಕೆಯನ್ನು ತಡೆಯುವುದೇ ಇದಕ್ಕೆ ಕಾರಣ. ಆ ಆಮ್ಲವನ್ನು ಉತ್ಪಾದಿಸುವ ಬ್ಯಾಕ್ಟೀರಿಯಾಗಳನ್ನು ಕರುಳಿಗೆ ಸೇರಿಸಿದರೆ ಅಲ್ಲಿಯೂ ಅದೇ ಪರಿಣಾಮ ಉಂಟಾಗಬೇಕೆಂಬುದು ಇವರ ನಿರೀಕ್ಷೆ. ಹುಳಿ ಹಾಲನ್ನು ನಿತ್ಯವೂ ಸೇವಿಸುವ ಬಲ್ಗೇರಿಯಾದ ರೈತರಲ್ಲಿ ಶತಾಯುಷಿಗಳು ಹೆಚ್ಚೆಂಬ ವರದಿಗಳನ್ನು ಬೆಂಬಲಕ್ಕೆ ತೆಗೆದುಕೊಂಡರು. 1905ರಲ್ಲಿ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ಅವರು ಜಿನೀವಾದಲ್ಲಿ ತಮ್ಮ ನಾಡಿನ ಹುಳಿ ಹಾಲಿನಿಂದ ಬೇರ್ಪಡಿಸಿ ವಿವರಿಸಿದ ಬ್ಯಾಕ್ಟೀರಿಯಾವೇ ಮುಂದೆ ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್ ಎಂದು ಹೆಸರಾಯಿತು.

ಹಸಿ ಹಾಲಿನಿಂದ ರೋಗಾಣುಗಳು ಸೇರಬಹುದೆಂದು ಎಚ್ಚರಿಸಿದ ಮೆಚ್ನಿಕೋವ್, ಕೆನೆ ತೆಗೆದ ಹಾಲನ್ನು ಕುದಿಸಿ ಆರಿಸಿ, ಶುದ್ಧ ಬ್ಯಾಕ್ಟೀರಿಯಾ ಕೃಷಿಯಿಂದ ಹೆಪ್ಪು ಹಾಕಬೇಕೆಂದು ಸಲಹೆಯಿತ್ತರು. ತಾವೂ ಹಲವು ವರ್ಷಗಳ ಕಾಲ ಅದನ್ನು ನಿಯಮದಿಂದ ಸೇವಿಸಿದರು. 1904ರಲ್ಲಿ ಪ್ಯಾರಿಸ್‌ನಲ್ಲಿ ಮುಪ್ಪನ್ನು ಕುರಿತು ನೀಡಿದ ಉಪನ್ಯಾಸ ಪತ್ರಿಕೆಗಳಲ್ಲಿ ಪ್ರಚಾರ ಪಡೆದಾಗ ಹುಳಿ ಹಾಲಿಗೆ ಯೂರೋಪ್ ಮತ್ತು ಅಮೆರಿಕದಲ್ಲಿ ಬೇಡಿಕೆ ಹುಟ್ಟಿತು. 1907ರಲ್ಲಿ ದೀರ್ಘಾಯುಷ್ಯವನ್ನು ಕುರಿತ ಇವರ ಪ್ರಬಂಧಗಳು ಗ್ರಂಥರೂಪದಲ್ಲಿ ಬಂದವು. ಔಷಧದಂಗಡಿಗಳಲ್ಲಿ ಬ್ಯಾಕ್ಟೀರಿಯಾದ ಮಾತ್ರೆಗಳು ಮಾರಾಟವಾದವು. ಮೆಚ್ನಿಕೋವ್ ಅವರ ಹೆಸರು ಜಾಹೀರಾತುಗಳಲ್ಲಿ ಧಾರಾಳವಾಗಿ ಬಳಕೆಯಾಯಿತು. ಹುಳಿ ಹಾಲೇ ಅಮೃತವೆಂಬ ಅರ್ಥದ ಪ್ರಚಾರಕ್ಕೂ ಇವರ ಬರಹಗಳಲ್ಲಿನ ಎಚ್ಚರಿಕೆಯ ಮಾತುಗಳಿಗೂ ನಡುವಿನ ಅಂತರ ದಿನದಿನಕ್ಕೆ ಹೆಚ್ಚಿತು.

ವಿಮರ್ಶೆ ಮತ್ತು ಮರುಪರೀಕ್ಷೆ

ಕರುಳಿನಿಂದ ವಿಷ ಹರಡುತ್ತದೆಂಬ ವಾದವು ಅಪಾಯಕಾರಿ ತಿರುವನ್ನೂ ಪಡೆಯಿತು. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಆರ್ಬತ್‌ನಾಟ್ ಲೇನ್ ಅವರು ದೀರ್ಘಕಾಲದ ಮಲಬದ್ಧತೆಯುಳ್ಳವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುವ ಚಿಕಿತ್ಸೆಯನ್ನು ಕೈಗೊಂಡರು. ಮೆಚ್ನಿಕೋವ್ ಒತ್ತುಕೊಟ್ಟ ಮಾರ್ಗ ಆಹಾರದ್ದಾದರೂ, ದೊಡ್ಡ ಕರುಳು ನಿರುಪಯುಕ್ತವೆಂಬ ಅವರ ಮಾತು ಇಂಥ ಚಿಕಿತ್ಸೆಗೆ ಸಮರ್ಥನೆಯಾಗಿ ಬಳಕೆಯಾಯಿತು. 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಆಲ್ವಾರೆಜ್ ಅವರು ಮಲಬದ್ಧತೆಯಲ್ಲಿ ಕಾಣುವ ತಲೆನೋವು, ಆಯಾಸಗಳಿಗೆ ವಿಷಕ್ಕಿಂತ ಕರುಳಿನ ಹಿಗ್ಗುವಿಕೆಯೇ ಕಾರಣವೆಂದು ವಾದಿಸಿದರು. ಮಲ ಹೊರಬಿದ್ದ ಕೂಡಲೇ ಇಂಥ ತೊಂದರೆಗಳು ಮಾಯವಾಗುವುದು ರಕ್ತದಲ್ಲಿ ಸೇರಿದ ವಿಷದ ಲಕ್ಷಣಕ್ಕೆ ಹೊಂದುವುದಿಲ್ಲ ಎಂಬುದು ಇದರ ತರ್ಕ.

ಯೇಲ್ ವಿಶ್ವವಿದ್ಯಾಲಯದ ಲಿಯೋ ರೆಟ್‌ಗರ್ ಮತ್ತು ಸಹೋದ್ಯೋಗಿಗಳು ನಡೆಸಿದ ಪರೀಕ್ಷೆಗಳಲ್ಲಿ ಬಲ್ಗೇರಿಕಸ್ ಬ್ಯಾಕ್ಟೀರಿಯಾವು ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲವೆಂಬುದು ಕಂಡುಬಂದಿತು. ಬಲ್ಗೇರಿಯಾದ ಶತಾಯುಷಿಗಳ ವಿಚಾರದಲ್ಲಿಯೂ ದೌರ್ಬಲ್ಯವಿತ್ತು. ಜನನ ದಾಖಲೆಗಳು ಖಚಿತವಾಗಿಲ್ಲದೆಡೆ ವಯಸ್ಸಿನ ಲೆಕ್ಕವನ್ನು ನಂಬುವುದು ಕಷ್ಟ. ಲೆಕ್ಕ ಸರಿಯಾಗಿದ್ದರೂ ಆಯುಷ್ಯಕ್ಕೆ ಹುಳಿ ಹಾಲೇ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ. ಇದರಿಂದಾಗಿ ಕರುಳಿನ ಬ್ಯಾಕ್ಟೀರಿಯಾಗಳ ವಿಷಯವೇ ಹಲವು ದಶಕಗಳ ಕಾಲ ವೈದ್ಯಕೀಯದ ಅಂಚಿಗೆ ಸರಿಯಿತು.

ಕೊನೆಯ ವರ್ಷಗಳು

ಮೆಚ್ನಿಕೋವ್ ಕರುಳಿನ ಅಧ್ಯಯನದ ಜೊತೆಗೆ ಇತರ ರೋಗಗಳ ಮೇಲೂ ಕೆಲಸ ಮಾಡಿದರು. 1903ರಲ್ಲಿ ಎಮಿಲ್ ರೂ ಅವರೊಂದಿಗೆ ಸಿಫಿಲಿಸ್ ರೋಗವನ್ನು ಚಿಂಪಾಂಜಿಗೆ ಹರಡಿಸಿ, ಅದರ ಪ್ರಾಯೋಗಿಕ ಅಧ್ಯಯನಕ್ಕೆ ದಾರಿ ಮಾಡಿದರು. 1909ರಲ್ಲಿ ಯಾಸ್ನಾಯ ಪೊಲ್ಯಾನಾದಲ್ಲಿ ಟಾಲ್‌ಸ್ಟಾಯ್ ಅವರನ್ನು ಭೇಟಿಯಾದರು. 1911ರಲ್ಲಿ ಕ್ಷಯರೋಗದ ಅಧ್ಯಯನಕ್ಕಾಗಿ ವೋಲ್ಗಾ ನದಿಯ ಕೆಳಭಾಗದ ಕಲ್ಮಿಕ್ ಹುಲ್ಲುಗಾವಲಿಗೆ ಪ್ರವಾಸ ಕೈಗೊಂಡರು. ಇವರ ಪ್ರಯೋಗಾಲಯಕ್ಕೆ ಸೇರಿದ ಮಿಶೆಲ್ ಕೊಹೆಂಡಿ 1912ರಲ್ಲಿ ಯಾವುದೇ ಸೂಕ್ಷ್ಮಜೀವಿಯಿಲ್ಲದ ವಾತಾವರಣದಲ್ಲಿ ಕೋಳಿಮರಿಗಳನ್ನು ಕೆಲಕಾಲ ಬೆಳೆಸಿ ತೋರಿಸಿದರು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಸಂಸ್ಥೆಯ ಯುವ ಸಂಶೋಧಕರು ಯುದ್ಧಭೂಮಿಗೆ ತೆರಳಿದರು, ಪ್ರಯೋಗಗಳು ನಿಂತವು. ಇದು ಮೆಚ್ನಿಕೋವ್ ಅವರನ್ನು ಕುಗ್ಗಿಸಿತು. ಹೃದಯರೋಗದಿಂದ ಬಳಲುತ್ತಿದ್ದ ಇವರು ತಮ್ಮ ದೇಹವನ್ನೂ ಅಧ್ಯಯನದ ವಸ್ತುವೆಂದೇ ಕಂಡು ರೋಗಲಕ್ಷಣಗಳನ್ನು ಬರೆದಿಡುತ್ತಿದ್ದರು. 15 ಜುಲೈ 1916ರಂದು, ಪ್ಯಾಸ್ಟರ್ ವಾಸಿಸಿದ್ದ ಕೊಠಡಿಗಳಲ್ಲಿ, 71ನೆಯ ವಯಸ್ಸಿನಲ್ಲಿ ನಿಧನರಾದರು. ಚಿತಾಭಸ್ಮದ ಪಾತ್ರೆಯನ್ನು ಪ್ಯಾಸ್ಟರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ. ನೂರು ವರ್ಷ ಮೀರಿದ ಆಯುಷ್ಯದ ಮಾತನ್ನಾಡಿದವರು ಎಪ್ಪತ್ತೊಂದಕ್ಕೇ ತೀರಿಕೊಂಡರೆಂಬ ಟೀಕೆ ಕೇಳಿಬಂದರೂ, ಒಬ್ಬ ವ್ಯಕ್ತಿಯ ಆಯುಷ್ಯವು ಒಂದು ಸಿದ್ಧಾಂತವನ್ನು ಸಾಧಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ.

ಪರಂಪರೆ

ಭಕ್ಷಕಕೋಶಗಳ ಸಿದ್ಧಾಂತವು ಇಂದು ರೋಗನಿರೋಧಕ ಶಾಸ್ತ್ರದ ಅಡಿಪಾಯಗಳಲ್ಲೊಂದು. ಜನ್ಮಜಾತ ರೋಗನಿರೋಧಕ ಶಕ್ತಿಯ ಅಧ್ಯಯನಕ್ಕೆ ಮೆಚ್ನಿಕೋವ್ ಅವರನ್ನು ಪಿತಾಮಹರೆಂದು ಪರಿಗಣಿಸಲಾಗುತ್ತದೆ. ಹುಳಿ ಹಾಲಿನ ವಿಚಾರವು ಆಹಾರೋದ್ಯಮದ ಮೇಲೂ ಪ್ರಭಾವ ಬೀರಿತು. 1919ರಲ್ಲಿ ಐಸಾಕ್ ಕರಾಸ್ಸೊ ಬಾರ್ಸಿಲೋನಾದಲ್ಲಿ ಡಾನೋನ್ ಮೊಸರಿನ ತಯಾರಿಕೆಯನ್ನು ಆರಂಭಿಸಿದರು. 1930ರಲ್ಲಿ ಜಪಾನಿನ ಮಿನೊರು ಶಿರೊಟಾ ಆಯ್ದು ಬೆಳೆಸಿದ ಬ್ಯಾಕ್ಟೀರಿಯಾದಿಂದ 1935ರಲ್ಲಿ ಯಾಕುಲ್ಟ್ ಎಂಬ ಪಾನೀಯ ಮಾರುಕಟ್ಟೆಗೆ ಬಂದಿತು.

ಇಪ್ಪತ್ತೊಂದನೆಯ ಶತಮಾನದಲ್ಲಿ ಸೂಕ್ಷ್ಮಜೀವಿಗಳನ್ನು ಡಿಎನ್‌ಎ ಮೂಲಕ ಗುರುತಿಸುವ ವಿಧಾನಗಳು ಬಂದ ಮೇಲೆ ಕರುಳಿನ ಅಧ್ಯಯನ ಮತ್ತೆ ಮುನ್ನೆಲೆಗೆ ಬಂದಿತು. 2016ರ ಒಂದು ಅಂದಾಜಿನಂತೆ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿದ್ದು, ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಮೆಚ್ನಿಕೋವ್ ನಿರುಪಯುಕ್ತವೆಂದು ಭಾವಿಸಿದ ಈ ಅಂಗದಲ್ಲಿಯೇ ಬ್ಯಾಕ್ಟೀರಿಯಾಗಳು ನಾರಿನಂಶವನ್ನು ಹುದುಗಿಸಿ ಬ್ಯುಟಿರೇಟ್ ಮೊದಲಾದ ಕೊಬ್ಬಿನಾಮ್ಲಗಳನ್ನು ಉತ್ಪಾದಿಸುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಇಂಧನ. ವಿಟಮಿನ್ ಕೆ ಉತ್ಪಾದನೆ, ರೋಗಾಣುಗಳಿಗೆ ನೆಲೆ ಸಿಗದಂತೆ ತಡೆಯುವುದು, ರೋಗನಿರೋಧಕ ವ್ಯವಸ್ಥೆಯನ್ನು ರೂಪಿಸುವುದು ಕೂಡ ಇವುಗಳ ಕೆಲಸಗಳು. ಸೂಕ್ಷ್ಮಜೀವಿಗಳಿಲ್ಲದೆ ಬೆಳೆಸಿದ ಇಲಿಗಳಲ್ಲಿ ರೋಗನಿರೋಧಕ ಅಂಗಾಂಶಗಳು ಪೂರ್ಣವಾಗಿ ಬೆಳೆಯುವುದಿಲ್ಲ.

ಇನ್ನೊಂದೆಡೆ, ಇವರ ಶಂಕೆಯಲ್ಲಿ ಸತ್ಯಾಂಶವೂ ಇತ್ತು. ಕರುಳಿನ ಬ್ಯಾಕ್ಟೀರಿಯಾಗಳು ಪ್ರೋಟೀನಿನಿಂದ ಉಂಟುಮಾಡುವ ಇಂಡೋಲ್ ಮತ್ತು ಕ್ರೆಸಾಲ್‌ಗಳಿಂದ ಹುಟ್ಟುವ ವಸ್ತುಗಳು ಮೂತ್ರಪಿಂಡ ಸೋತವರ ರಕ್ತದಲ್ಲಿ ಸಂಗ್ರಹವಾಗುತ್ತವೆಂದು ಈಗ ತಿಳಿದಿದೆ. ಆಂಟಿಬಯಾಟಿಕ್‌ಗಳಿಂದ ಕರುಳಿನ ಸಮತೋಲ ಕೆಟ್ಟು, ಕ್ಲಾಸ್ಟ್ರಿಡಿಯೊಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಮರುಕಳಿಸುವ ಭೇದಿಯಾದವರಿಗೆ ಆರೋಗ್ಯವಂತರ ಮಲದಲ್ಲಿನ ಸೂಕ್ಷ್ಮಜೀವಿಗಳನ್ನು ವರ್ಗಾಯಿಸುವ ಚಿಕಿತ್ಸೆಯು ಪರಿಣಾಮಕಾರಿಯೆಂದು 2013ರಲ್ಲಿ ಪ್ರಕಟವಾದ ವೈದ್ಯಕೀಯ ಪರೀಕ್ಷೆಯೊಂದು ತೋರಿಸಿತು. ಕರುಳಿನ ನಿವಾಸಿಗಳನ್ನು ಬದಲಿಸಿ ರೋಗವನ್ನು ಗುಣಪಡಿಸಬಹುದೆಂಬುದಕ್ಕೆ ಇದು ಸ್ಪಷ್ಟ ಉದಾಹರಣೆ. ಮೊಸರಿನ ಮಟ್ಟಿಗೆ ಹೇಳುವುದಾದರೆ, ಅದರಲ್ಲಿರುವ ಜೀವಂತ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳಲಾಗದವರಿಗೆ ನೆರವಾಗುತ್ತವೆಂಬುದು ದೃಢಪಟ್ಟಿದೆ. ಆಯುಷ್ಯವನ್ನು ಹೆಚ್ಚಿಸುತ್ತದೆಂಬ ಹೇಳಿಕೆ ಸಿದ್ಧವಾಗಿಲ್ಲ.

ಗೌರವಗಳು

ಮೆಚ್ನಿಕೋವ್ 1895ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದೇಶಿ ಸದಸ್ಯರಾಗಿ ಆಯ್ಕೆಯಾದರು. 1906ರಲ್ಲಿ ಅದೇ ಸಂಸ್ಥೆಯ ಕಾಪ್ಲಿ ಪದಕವನ್ನು, 1908ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಪಡೆದರು. ಇವರು ರಾಜೀನಾಮೆಯಿತ್ತು ಹೊರಬಂದಿದ್ದ ಒಡೆಸ್ಸಾದ ವಿಶ್ವವಿದ್ಯಾಲಯವು ಈಗ ಇವರ ಹೆಸರನ್ನೇ ಹೊತ್ತಿದೆ. ಮೆಚ್ನಿಕೊವಿಯಾ ಎಂಬ ಯೀಸ್ಟ್ ಕುಲಕ್ಕೂ ಇವರ ಹೆಸರನ್ನಿಡಲಾಗಿದೆ.